ಮನೋವೈದ್ಯಕೀಯ ಚಿಕಿತ್ಸೆಯಲ್ಲಿ ತಂತ್ರಜ್ಞಾನವನ್ನು ಬಳಸಿಕೊಳ್ಳುವ ಬಗೆ

‘ಕಳೆದ ಒಂದು ತಿಂಗಳು ಹೇಗಿತ್ತು?’ ಎಂಬುದು ಮನೋವೈದ್ಯರ ಕೋಣೆಯಲ್ಲಿ ಪ್ರತಿ ಭೇಟಿಯಲ್ಲೂ ಕೇಳಿಬರುವ ಪ್ರಶ್ನೆ. ಉತ್ತರಿಸಲು ಬಹಳ ಕಷ್ಟವಾದ ಪ್ರಶ್ನೆಯೂ ಅದೇ. ಖಿನ್ನತೆಯಲ್ಲಿ ಮುಳುಗಿರುವವರಿಗೆ ಹಿಂದಿನ ಮೂವತ್ತು ದಿನಗಳೂ ಒಂದೇ ಕತ್ತಲೆಯಾಗಿ ಕಾಣುತ್ತವೆ. ಆ ದಿನ ಬೆಳಿಗ್ಗೆ ಮನಸ್ಸು ಸ್ವಲ್ಪ ಹಗುರವಾಗಿದ್ದವರಿಗೆ ನಡುವೆ ನಿದ್ರೆಯಿಲ್ಲದೆ ಕಳೆದ ವಾರ ನೆನಪಿಗೇ ಬರುವುದಿಲ್ಲ. ದೇಹದ ಅನೇಕ ಕಾಯಿಲೆಗಳಲ್ಲಿ ರಕ್ತಪರೀಕ್ಷೆಯೋ ಎಕ್ಸ್‌ರೇಯೋ ಸಾಕ್ಷಿ ಹೇಳುತ್ತದೆ. ಮನೋರೋಗಗಳಲ್ಲಿ ಬಹುಮಟ್ಟಿಗೆ ರೋಗಿಯ ಮಾತು, ಮನೆಯವರ ಮಾತು ಮತ್ತು ವೈದ್ಯರ ಕಣ್ಣು, ಇಷ್ಟೇ ಪರೀಕ್ಷೆಯ ಸಾಧನಗಳು. ಹೀಗಾಗಿ ಎರಡು ಭೇಟಿಗಳ ನಡುವಿನ ಕಾಣದ ಅವಧಿಯನ್ನು ಕಾಣುವಂತೆ ಮಾಡುವುದು ಮತ್ತು ದೂರದಲ್ಲಿರುವ ವೈದ್ಯರನ್ನು ಹತ್ತಿರಕ್ಕೆ ತರುವುದು, ಇವೆರಡು ಈ ಚಿಕಿತ್ಸೆಗೆ ತಂತ್ರಜ್ಞಾನದಿಂದ ಒದಗುವ ದೊಡ್ಡ ಉಪಕಾರಗಳೆಂದು ನಾನು ತಿಳಿದಿದ್ದೇನೆ.

ಈ ಬರಹ ಚಿಕಿತ್ಸೆಯಲ್ಲಿರುವವರಿಗೆ ಮತ್ತು ಅವರ ಜೊತೆಗಿರುವವರಿಗೆ. ಯಾವುದೇ ಆಪ್, ಕೈಗಡಿಯಾರ, ವಿಡಿಯೊ ವ್ಯವಸ್ಥೆ ಅಥವಾ ಮಾತನಾಡುವ ಯಂತ್ರವನ್ನು ಬಳಸಲು ಆರಂಭಿಸುವ ಮೊದಲು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಇದರಲ್ಲಿ ನಾನು ಬರೆದದ್ದನ್ನು, ಹೇಳಿದ್ದನ್ನು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ, ನೋಡಿದ ಮೇಲೆ ಏನು ಮಾಡುತ್ತಾರೆ? ಯಾರೂ ನೋಡದ ದಾಖಲೆ ಎಷ್ಟು ಅಚ್ಚುಕಟ್ಟಾಗಿದ್ದರೂ ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ; ನೋಡಬಾರದವರು ನೋಡುವ ದಾಖಲೆ ಹಾನಿಯನ್ನೇ ಮಾಡಬಹುದು. ಮುಂದೆ ಹೇಳುವ ಪ್ರತಿಯೊಂದು ಸಲಹೆಯ ಹಿಂದೆಯೂ ಇದೇ ಪ್ರಶ್ನೆ ಇದೆ.

ವಿಡಿಯೊ ಮೂಲಕ ವೈದ್ಯರನ್ನು ಕಾಣುವಾಗ

ದೂರದಿಂದ ಮನೋವೈದ್ಯಕೀಯ ಸೇವೆ ನೀಡುವುದು ಹೊಸ ಸಂಗತಿಯಲ್ಲ. ಅಮೆರಿಕದ ನೆಬ್ರಾಸ್ಕಾ ಮನೋವೈದ್ಯಕೀಯ ಸಂಸ್ಥೆಯಲ್ಲಿ 1959ರಲ್ಲಿಯೇ, ಎರಡೂ ಕಡೆಯವರು ಪರಸ್ಪರ ಕಾಣುವಂಥ ಟೆಲಿವಿಷನ್ ವ್ಯವಸ್ಥೆಯನ್ನು ಬಳಸತೊಡಗಿದ್ದರು. 1964ರಲ್ಲಿ 112 ಮೈಲಿ ದೂರದ ನಾರ್ಫೋಕ್‌ನ ಆಸ್ಪತ್ರೆಯನ್ನೂ ಅದಕ್ಕೆ ಜೋಡಿಸಿದರು. ಅಂದು ಅದಕ್ಕೆ ಒಂದು ಸಂಸ್ಥೆಯ ಬಲ ಬೇಕಾಗಿತ್ತು, ಇಂದು ಕೈಯಲ್ಲಿರುವ ಫೋನ್ ಸಾಕು. 2020ರ ಕೋವಿಡ್ ಸಾಂಕ್ರಾಮಿಕದ ನಂತರ ಇದು ಅನೇಕರಿಗೆ ರೂಢಿಯೇ ಆಗಿದೆ. ರೋಗಿಯ ಮಾತನ್ನು ಕೇಳಿ, ಮುಖಭಾವವನ್ನು ಗಮನಿಸಿ ನಿರ್ಧರಿಸುವ ಕೆಲಸ ಹೆಚ್ಚಾಗಿರುವುದರಿಂದ ವೈದ್ಯಕೀಯದ ಇತರ ಹಲವು ಶಾಖೆಗಳಿಗಿಂತ ಮನೋವೈದ್ಯಶಾಸ್ತ್ರಕ್ಕೆ ಈ ಮಾಧ್ಯಮ ಚೆನ್ನಾಗಿ ಒಗ್ಗಿದೆ.

ಸಮಾಲೋಚನೆ ಆರಂಭವಾದೊಡನೆ, ವೈದ್ಯರು ಕೇಳದಿದ್ದರೂ, ನೀವು ಆ ಕ್ಷಣದಲ್ಲಿ ಎಲ್ಲಿದ್ದೀರಿ ಎಂಬ ಪೂರ್ಣ ವಿಳಾಸವನ್ನೂ ಹತ್ತಿರದಲ್ಲಿರುವ ಒಬ್ಬರ ದೂರವಾಣಿ ಸಂಖ್ಯೆಯನ್ನೂ ತಿಳಿಸಿ. ಮಾತುಕತೆಯ ನಡುವೆ ಜೀವಕ್ಕೆ ಅಪಾಯವಿದೆ ಎಂದು ವೈದ್ಯರಿಗೆ ಅನಿಸಿ, ಅದೇ ಹೊತ್ತಿಗೆ ಸಂಪರ್ಕ ಕಡಿದುಹೋದರೆ, ಸಹಾಯವನ್ನು ಎಲ್ಲಿಗೆ ಕಳುಹಿಸಬೇಕೆಂದು ಅವರಿಗೆ ಗೊತ್ತಿರಬೇಕು. ಸಂಪರ್ಕ ಕಡಿದರೆ ಯಾರು ಯಾರಿಗೆ ಮರಳಿ ಕರೆ ಮಾಡಬೇಕೆಂಬುದನ್ನೂ ಆಗಲೇ ನಿಶ್ಚಯಿಸಿಕೊಳ್ಳಿ. ಇಬ್ಬರೂ ಏಕಕಾಲಕ್ಕೆ ಪ್ರಯತ್ನಿಸಿ ಇಬ್ಬರಿಗೂ ಕರೆ ಸಿಗದೆ ಹೋಗುವುದು ಸಾಮಾನ್ಯ.

ಕೋಣೆಯ ಬಾಗಿಲು ಹಾಕಿಕೊಳ್ಳಿ, ಇಯರ್‌ಫೋನ್ ಹಾಕಿಕೊಳ್ಳಿ. ಇಯರ್‌ಫೋನ್ ಇದ್ದರೆ ವೈದ್ಯರ ಪ್ರಶ್ನೆಗಳಾದರೂ ಪಕ್ಕದವರಿಗೆ ಕೇಳಿಸುವುದಿಲ್ಲ. ಹೌದು, ಇಲ್ಲ ಎಂದಷ್ಟೇ ಉತ್ತರಿಸಿದರೆ ವಿಷಯ ಗುಟ್ಟಾಗಿಯೇ ಉಳಿಯುತ್ತದೆ. ಮನೆಯೊಳಗಿನ ಹಿಂಸೆಯೇ ನಿಮ್ಮ ಬಾಧೆಯ ಮೂಲವಾಗಿದ್ದರೆ ಇದು ಇನ್ನೂ ಮುಖ್ಯ. ‘ಈಗ ಮಾತನಾಡಲಾಗದು’ ಎಂಬುದನ್ನು ಸೂಚಿಸಲು ವೈದ್ಯರೊಂದಿಗೆ ಒಂದು ಸಾಧಾರಣ ಪದವನ್ನು ಮೊದಲೇ ಗೊತ್ತುಪಡಿಸಿಕೊಳ್ಳಬಹುದು. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದರೆ ಕ್ಯಾಮೆರಾದಲ್ಲಿ ಕಾಣದಿದ್ದರೂ ಅವರಿರುವುದನ್ನು ಹೇಳಿಬಿಡಬೇಕು.

ಮುಖವಷ್ಟೇ ಕಾಣುವಂತೆ ಫೋನನ್ನು ಕೈಯಲ್ಲಿ ಹಿಡಿದು ಕುಳಿತುಕೊಳ್ಳುವುದು ಸಾಮಾನ್ಯವಾದ ತಪ್ಪು. ಫೋನನ್ನು ಯಾವುದಕ್ಕಾದರೂ ಒರಗಿಸಿ, ಸೊಂಟದಿಂದ ಮೇಲಿನ ಭಾಗ ಮತ್ತು ಎರಡೂ ಕೈಗಳು ಕಾಣುವಷ್ಟು ದೂರದಲ್ಲಿ ಕುಳಿತುಕೊಳ್ಳಿ. ಮನಸ್ಸಿನ ಏರಿಳಿತವನ್ನು ತಡೆಯಲು ಕೊಡುವ ಲಿಥಿಯಂ ತೆಗೆದುಕೊಳ್ಳುವವರಲ್ಲಿ ಬೆರಳು ನಡುಗುವುದು, ಮನೋವಿಕಾರಗಳಿಗೆ ಕೊಡುವ ಕೆಲವು ಔಷಧಿಗಳಿಂದ ಕಾಲು ಒಂದೆಡೆ ನಿಲ್ಲದಂತೆ ಆಗುವ ಚಡಪಡಿಕೆ, ಬಾಯಿ ಮತ್ತು ನಾಲಿಗೆಯ ತಾನಾಗಿಯೇ ಆಗುವ ಚಲನೆ, ಇವನ್ನೆಲ್ಲ ವೈದ್ಯರು ಕಣ್ಣಿನಿಂದಲೇ ಗುರುತಿಸಬೇಕು. ಒಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದು ತೋರಿಸುವುದಕ್ಕೂ ಸಂಕೋಚಪಡಬಾರದು. ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳ ಪೊಟ್ಟಣಗಳನ್ನು, ಬೇರೆ ಕಾಯಿಲೆಗಳಿಗೆ ಕೊಟ್ಟವುಗಳನ್ನೂ ಸೇರಿಸಿ, ಎದುರಿಗೆ ಇಟ್ಟುಕೊಳ್ಳಿ.

ವಿಡಿಯೊದಲ್ಲಿ ಸಾಧ್ಯವಾಗದ ಕೆಲಸಗಳೂ ಇವೆ. ತೋಳಿನ ಬಿಗಿತವನ್ನು ಮುಟ್ಟಿಯೇ ನೋಡಬೇಕು. ರಕ್ತದೊತ್ತಡ, ತೂಕ, ಸೊಂಟದ ಸುತ್ತಳತೆಗಳನ್ನು ಅಳೆಯಲೇಬೇಕು, ಏಕೆಂದರೆ ಕೆಲವು ಮನೋವೈದ್ಯಕೀಯ ಔಷಧಿಗಳಿಂದ ತೂಕವೂ ಸಕ್ಕರೆಯ ಪ್ರಮಾಣವೂ ಏರುತ್ತವೆ. ಊಟ ಬಿಟ್ಟು ಮಾತು ನಿಲ್ಲಿಸಿರುವವರು, ಎಲ್ಲಿದ್ದೇವೆಂಬ ಅರಿವು ತಪ್ಪಿರುವವರು, ಪ್ರಾಣ ಕಳೆದುಕೊಳ್ಳುವ ಸಿದ್ಧತೆಯಲ್ಲಿರುವವರು, ಇವರಿಗೆಲ್ಲ ನೇರ ಭೇಟಿಯೇ ಬೇಕು. ತನ್ನನ್ನು ಯಾರೋ ಕ್ಯಾಮೆರಾದಿಂದ ಗಮನಿಸುತ್ತಿದ್ದಾರೆ ಎಂಬ ಸಂಶಯವೇ ಕಾಯಿಲೆಯ ಲಕ್ಷಣವಾಗಿರುವ ವ್ಯಕ್ತಿಯನ್ನು ಒತ್ತಾಯದಿಂದ ಕ್ಯಾಮೆರಾದ ಮುಂದೆ ಕೂರಿಸಬಾರದು. ಅಂಥವರಿಗೆ ಬರೀ ಧ್ವನಿಯ ಕರೆ ಹಿತವೆನಿಸಬಹುದು, ಅಥವಾ ನೇರ ಭೇಟಿಯಾಗುವವರೆಗೆ ಮನೆಯವರೇ ವೈದ್ಯರಿಗೆ ಸ್ಥಿತಿಯನ್ನು ತಿಳಿಸುತ್ತಿರಬಹುದು.

ಮನಸ್ಸಿನ ದಿನಚರಿ ಇಡುವ ಕ್ರಮ

ಮನಃಸ್ಥಿತಿಯನ್ನು ದಾಖಲಿಸುವ ಕೆಲವು ಆಪ್‌ಗಳು ದಿನಕ್ಕೆ ಹತ್ತಾರು ಪ್ರಶ್ನೆಗಳನ್ನು ಕೇಳುತ್ತವೆ. ಖಿನ್ನತೆಯಲ್ಲಿರುವವರಿಗೆ ಹಲ್ಲುಜ್ಜುವುದೇ ಬೆಟ್ಟ ಹತ್ತಿದಂತಿರುವಾಗ ಇದು ಒಂದು ವಾರದ ಮೇಲೆ ನಡೆಯುವುದಿಲ್ಲ, ಬಿಟ್ಟುಹೋದಾಗ ‘ಇದನ್ನೂ ಮಾಡಲಾಗಲಿಲ್ಲ’ ಎಂಬ ಕೊರಗು ಬೇರೆ ಸೇರಿಕೊಳ್ಳುತ್ತದೆ. ದಿನಕ್ಕೆ ಮೂರೇ ಸಂಗತಿಗಳನ್ನು ಬರೆದಿಡಿ ಎಂಬುದು ನನ್ನ ಸಲಹೆ: ಎಷ್ಟು ಗಂಟೆ ನಿದ್ರೆ ಬಂತು, ಮನಸ್ಸು ಹೇಗಿತ್ತು ಎಂಬುದಕ್ಕೆ ಒಂದರಿಂದ ಹತ್ತರೊಳಗಿನ ಒಂದು ಅಂಕಿ, ಮಾತ್ರೆ ತೆಗೆದುಕೊಂಡದ್ದು ಹೌದೋ ಅಲ್ಲವೋ. ಜಗಳ, ಸಾವು, ಪ್ರಯಾಣ, ಔಷಧಿಯ ಬದಲಾವಣೆಗಳಂಥ ವಿಶೇಷವಿದ್ದ ದಿನ ಒಂದು ಸಾಲು ಹೆಚ್ಚು ಬರೆದರೆ ಸಾಕು. ಭೇಟಿಯ ಹಿಂದಿನ ದಿನ ಇಡೀ ತಿಂಗಳ ದಾಖಲೆಯನ್ನು ಒಂದು ಪುಟಕ್ಕೆ ಇಳಿಸಿಕೊಳ್ಳಬೇಕು. ವೈದ್ಯರಿಗೆ ಒಂದು ಪುಟವನ್ನು ನೋಡುವಷ್ಟು ಸಮಯವಿರುತ್ತದೆ, ನಲವತ್ತು ನಕ್ಷೆಗಳನ್ನು ನೋಡುವಷ್ಟು ಇರುವುದಿಲ್ಲ.

ಅನೇಕ ಆಪ್‌ಗಳಲ್ಲಿ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇರುತ್ತದೆ. ಇದರಲ್ಲಿ ಒಂಬತ್ತು ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕಗಳಿವೆ, ಒಟ್ಟು 27. ಐದು, ಹತ್ತು, ಹದಿನೈದು, ಇಪ್ಪತ್ತು ಎಂಬ ಮೆಟ್ಟಿಲುಗಳಲ್ಲಿ ಖಿನ್ನತೆಯ ತೀವ್ರತೆಯನ್ನು ಅಂದಾಜು ಮಾಡುತ್ತಾರೆ. ಪ್ರಶ್ನೆಗಳು ಹಿಂದಿನ ಎರಡು ವಾರಗಳನ್ನು ಕುರಿತವಾಗಿರುವುದರಿಂದ ದಿನವೂ ಅದನ್ನು ತುಂಬುವುದರಲ್ಲಿ ಅರ್ಥವಿಲ್ಲ. ಎರಡು ವಾರಕ್ಕೊಮ್ಮೆ ಸಾಕು. ಅಂಕ ಹೆಚ್ಚು ಬಂದ ಮಾತ್ರಕ್ಕೆ ರೋಗನಿರ್ಣಯವಾಯಿತೆಂದು ತಿಳಿಯಬಾರದು, ಏಕೆಂದರೆ ಥೈರಾಯ್ಡ್ ತೊಂದರೆ, ರಕ್ತಹೀನತೆಗಳಿಂದ ಬರುವ ಆಯಾಸವೂ ಅಂಕವನ್ನು ಏರಿಸಬಲ್ಲುದು. ಆದರೆ ಒಂಬತ್ತನೆಯ ಪ್ರಶ್ನೆಯನ್ನು ಪ್ರತ್ಯೇಕವಾಗಿ ನೋಡಬೇಕು. ಸಾಯುವುದೇ ಮೇಲು ಎಂಬ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ ಕೇಳುವ ಆ ಪ್ರಶ್ನೆಗೆ ಸೊನ್ನೆಯಲ್ಲದ ಉತ್ತರ ಬಂದರೆ, ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಅಂದೇ ಒಬ್ಬ ಮನುಷ್ಯರಿಗೆ, ಬಾಯಿಬಿಟ್ಟು, ಅದನ್ನು ಹೇಳಬೇಕು. ಆಪ್‌ನಲ್ಲಿ ಗುರುತು ಹಾಕಿದ್ದರಿಂದ ವೈದ್ಯರಿಗೆ ಸುದ್ದಿ ತಲುಪಿತೆಂದು ಎಂದೂ ಭಾವಿಸಬೇಡಿ. ಬಹುತೇಕ ಆಪ್‌ಗಳ ಆಚೆ ಬದಿಯಲ್ಲಿ ಯಾರೂ ಕುಳಿತಿರುವುದಿಲ್ಲ.

ಕೈಗಡಿಯಾರಗಳು ನಿದ್ರೆಯನ್ನು ಅಳೆಯುತ್ತವೆ. ಒಟ್ಟು ಎಷ್ಟು ಹೊತ್ತು ಮಲಗಿದ್ದೀರಿ ಎಂಬುದನ್ನು ಅವು ಸುಮಾರಾಗಿ ಹೇಳಬಲ್ಲವು. ಗಾಢ ನಿದ್ರೆ, ಕನಸಿನ ನಿದ್ರೆ ಎಂದು ಅವು ಮಾಡುವ ವಿಂಗಡಣೆಯನ್ನು ನೆಚ್ಚಬೇಕಿಲ್ಲ, ಅಂಕಿಗಳನ್ನು ನೋಡಿ ನಿದ್ರೆಯ ಬಗ್ಗೆಯೇ ಆತಂಕ ಹುಟ್ಟುತ್ತಿದ್ದರೆ ಗಡಿಯಾರವನ್ನು ರಾತ್ರಿ ತೆಗೆದಿಡುವುದೇ ಲೇಸು. ಆದರೆ ಉನ್ಮಾದವೂ (ಅತಿಯಾದ ಹುರುಪಿನ ಸ್ಥಿತಿ) ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಿರುವವರಿಗೆ ಈ ಅಳತೆ ತುಂಬ ಬೆಲೆಯುಳ್ಳದ್ದು. ಮೂರು ನಾಲ್ಕು ಗಂಟೆಯಷ್ಟೇ ಮಲಗಿದರೂ ದಣಿವಿಲ್ಲದೆ, ಮೊದಲಿಗಿಂತ ಹೆಚ್ಚು ಹುರುಪಿನಿಂದ ಏಳುವುದು ಉನ್ಮಾದದ ಮುನ್ಸೂಚನೆಯಾಗಿರುವುದುಂಟು, ಮತ್ತು ಆ ಹುರುಪಿನಲ್ಲಿರುವವರಿಗೆ ತಮ್ಮಲ್ಲಿ ಏನೋ ಏರುಪೇರಾಗಿದೆ ಎಂದು ಅನಿಸುವುದೇ ಇಲ್ಲ. ಆದ್ದರಿಂದ ಆರೋಗ್ಯ ಚೆನ್ನಾಗಿರುವಾಗಲೇ ವೈದ್ಯರ ಜೊತೆ ಕುಳಿತು, ಸತತವಾಗಿ ಎಷ್ಟು ರಾತ್ರಿ ಎಷ್ಟು ಗಂಟೆಗಿಂತ ಕಡಿಮೆ ನಿದ್ರೆಯಾದರೆ ಯಾರು ಯಾರಿಗೆ ಕರೆ ಮಾಡಬೇಕು ಎಂಬುದನ್ನು ಅಂಕಿಗಳಲ್ಲೇ ಬರೆದಿಟ್ಟುಕೊಳ್ಳಬೇಕು. ‘ನೀನು ಬದಲಾಗಿದ್ದೀಯ’ ಎಂದು ಮನೆಯವರು ಹೇಳಿದರೆ ಜಗಳವಾಗುತ್ತದೆ. ನಾವೇ ಒಪ್ಪಿ ಬರೆದ ಅಂಕಿ ಹೇಳಿದರೆ ಒಪ್ಪಿಕೊಳ್ಳುವುದು ಸ್ವಲ್ಪ ಸುಲಭ.

ಔಷಧಿ, ರಕ್ತಪರೀಕ್ಷೆ, ಯಂತ್ರಗಳು

ಮಾತ್ರೆಯ ಸಮಯಕ್ಕೆ ಫೋನಿನಲ್ಲಿ ಅಲಾರಂ ಇಡುವುದು ಎಲ್ಲರಿಗೂ ಹೊಳೆಯುತ್ತದೆ. ರಕ್ತಪರೀಕ್ಷೆಗೂ ಇಡಬೇಕೆಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಲಿಥಿಯಂ ತೆಗೆದುಕೊಳ್ಳುವವರು ಕೊನೆಯ ಮಾತ್ರೆಯ ಹನ್ನೆರಡು ಗಂಟೆಗಳ ನಂತರ ರಕ್ತ ಕೊಟ್ಟರೆ ಮಾತ್ರ ಫಲಿತಾಂಶವನ್ನು ಸರಿಯಾಗಿ ಅರ್ಥೈಸಬಹುದು. ಆದ್ದರಿಂದ ಹಿಂದಿನ ರಾತ್ರಿ ಮಾತ್ರೆ ನುಂಗುವ ಹೊತ್ತಿಗೇ ಒಂದು ಅಲಾರಂ, ಬೆಳಿಗ್ಗೆ ‘ಮೊದಲು ರಕ್ತ, ಆಮೇಲೆ ಮಾತ್ರೆ’ ಎಂದು ಮತ್ತೊಂದು ಅಲಾರಂ ಇಟ್ಟುಕೊಳ್ಳಿ. ತೀವ್ರ ಮನೋವಿಕಾರಗಳಿಗೆ ಕೊಡುವ ಕ್ಲೊಜಪಿನ್ ತೆಗೆದುಕೊಳ್ಳುವವರು ಬಿಳಿ ರಕ್ತಕಣಗಳ ಎಣಿಕೆಯ ದಿನಗಳನ್ನು ಮನೆಯ ಇನ್ನೊಬ್ಬರ ಫೋನಿನಲ್ಲಿಯೂ ಗುರುತಿಸಿಡಬೇಕು. ಮಾತ್ರೆ ತಪ್ಪುತ್ತಿರುವುದಕ್ಕೆ ಮರೆವು ಕಾರಣವೋ, ಅಡ್ಡಪರಿಣಾಮಗಳ ಬೇಸರ ಕಾರಣವೋ, ‘ನನಗೆ ಕಾಯಿಲೆಯಿಲ್ಲ’ ಎಂಬ ನಂಬಿಕೆ ಕಾರಣವೋ ಎಂದು ಮೊದಲು ತಿಳಿಯಬೇಕು. ಅಲಾರಂ ಮರೆವಿಗೆ ಮಾತ್ರ ಮದ್ದು.

2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಭ್ರಮೆಯಂಥ ಮನೋವಿಕಾರಗಳಿಗೆ ಕೊಡುವ ಅರಿಪಿಪ್ರಜೋಲ್ ಮಾತ್ರೆಯೊಳಗೆ ಪುಟ್ಟ ಸಂವೇದಕವನ್ನಿಟ್ಟು, ಅದು ಹೊಟ್ಟೆ ಸೇರಿದ್ದನ್ನು ಮೈಮೇಲಿನ ಪಟ್ಟಿಯ ಮೂಲಕ ಫೋನಿಗೆ ತಿಳಿಸುವ ವ್ಯವಸ್ಥೆಗೆ ಒಪ್ಪಿಗೆ ನೀಡಿತು. ಇದರಿಂದ ರೋಗಿಗಳು ಔಷಧಿಯನ್ನು ಹೆಚ್ಚು ಕ್ರಮವಾಗಿ ತೆಗೆದುಕೊಳ್ಳುತ್ತಾರೆಂಬುದು ಸಾಬೀತಾಗಿಲ್ಲವೆಂದು ಆ ಒಪ್ಪಿಗೆಯ ಜೊತೆಯಲ್ಲೇ ಹೇಳಲಾಗಿತ್ತು. ‘ನನ್ನೊಳಗೆ ಏನನ್ನೋ ಇಟ್ಟು ನೋಡುತ್ತಿದ್ದಾರೆ’ ಎಂಬ ಭ್ರಮೆಯಿಂದ ನರಳುವವರಿಗೇ ಅಂಥ ಮಾತ್ರೆ ಕೊಡುವುದು ಎಂಥ ಸೂಕ್ಷ್ಮ ವಿಚಾರವೆಂಬುದನ್ನು ಯೋಚಿಸಿದರೆ, ಸಾಧ್ಯವಿರುವುದೆಲ್ಲ ಯೋಗ್ಯವಲ್ಲ ಎಂದು ಮನವರಿಕೆಯಾಗುತ್ತದೆ.

ಇನ್ನು ಆಸ್ಪತ್ರೆಯಲ್ಲಿ ಬಳಸುವ ಯಂತ್ರಗಳು. 1938ರಲ್ಲಿ ಇಟಲಿಯಲ್ಲಿ ಆರಂಭವಾದ, ಮಿದುಳಿಗೆ ವಿದ್ಯುತ್ ಹಾಯಿಸುವ ವಿದ್ಯುತ್ ಕಂಪನ ಚಿಕಿತ್ಸೆಯನ್ನು ಇಂದು ಅರಿವಳಿಕೆ ಕೊಟ್ಟು ನಡೆಸುತ್ತಾರೆ, ತೀವ್ರ ಖಿನ್ನತೆಯಲ್ಲಿ ಅದು ಈಗಲೂ ಬಹು ಪರಿಣಾಮಕಾರಿಯಾದ ಚಿಕಿತ್ಸೆ. ಕಾಂತಕ್ಷೇತ್ರದಿಂದ ಮಿದುಳನ್ನು ಪ್ರಚೋದಿಸುವ ವಿಧಾನವನ್ನು 1985ರಲ್ಲಿ ಆಂಟನಿ ಬಾರ್ಕರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಖಿನ್ನತೆಗೆ ಅದರ ಬಳಕೆಗೆ 2008ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಈ ಕಾಂತಕ್ಷೇತ್ರದ ಚಿಕಿತ್ಸೆಗೆ ಒಪ್ಪುವ ಮೊದಲು ತಲೆಯಲ್ಲಿ ಅಥವಾ ಕಿವಿಯೊಳಗೆ ಅಳವಡಿಸಿದ ಲೋಹದ ಸಾಧನವಿದ್ದರೆ, ಎಂದಾದರೂ ಫಿಟ್ಸ್ ಬಂದಿದ್ದರೆ ತಪ್ಪದೆ ಹೇಳಿ. ವಾರಕ್ಕೆ ಐದು ದಿನದಂತೆ ಹಲವು ವಾರ ಹೋಗಿಬರಬೇಕಾಗುವುದರಿಂದ ಓಡಾಟಕ್ಕೂ ರಜೆಗೂ ಏರ್ಪಾಡು ಮಾಡಿಕೊಂಡೇ ಆರಂಭಿಸಿ. ಮನೆಯಲ್ಲೇ ತಲೆಗೆ ಕಟ್ಟಿಕೊಳ್ಳುವಂತೆ ಮಾರುವ ಸಾಧನಗಳನ್ನು ವೈದ್ಯರನ್ನು ಕೇಳದೆ ಕೊಳ್ಳಬೇಡಿ.

ಮಾತನಾಡುವ ಯಂತ್ರಗಳ ಜೊತೆ

1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಜೋಸೆಫ್ ವೈಜೆನ್‌ಬಾಮ್ ಅವರು ಎಲಿಜಾ ಎಂಬ ಕಂಪ್ಯೂಟರ್ ಕಾರ್ಯಕ್ರಮವನ್ನು ಪ್ರಕಟಿಸಿದರು. ನಾವು ಬರೆದ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಅದರ ಕೆಲಸವಾಗಿತ್ತು. ಆದರೂ ಅದು ಬರೀ ಕಾರ್ಯಕ್ರಮವೆಂದು ತಿಳಿದಿದ್ದ ಅವರ ಕಾರ್ಯದರ್ಶಿಯೇ, ಅದರೊಂದಿಗೆ ಮಾತನಾಡುವಾಗ ಅವರನ್ನು ಕೋಣೆಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ. ಈ ಪ್ರಸಂಗವನ್ನು ಓದಿದಾಗಲೆಲ್ಲ, ಕೇಳುವವರೊಬ್ಬರು ಬೇಕೆಂಬ ಮನುಷ್ಯರ ಹಸಿವು ಎಷ್ಟು ಆಳವಾದದ್ದು ಎಂದು ನನಗೆ ಅನಿಸುತ್ತದೆ. ಇಂದಿನ ಚಾಟ್‌ಬಾಟ್‌ಗಳು ಎಲಿಜಾಗಿಂತ ಎಷ್ಟೋ ಪಾಲು ಚತುರವಾಗಿವೆ, ನಡುರಾತ್ರಿಯಲ್ಲೂ ಬೇಸರಿಸದೆ ಉತ್ತರಿಸುತ್ತವೆ. ಒಂಟಿಯಾಗಿರುವವರು ಅವುಗಳತ್ತ ತಿರುಗಿದರೆ ತಪ್ಪೆಣಿಸಲಾಗದು.

ಅವುಗಳನ್ನು ಬಳಸುವುದಾದರೆ ವೈದ್ಯರ ಬಳಿ ಹೋಗುವ ದಾರಿಯಾಗಿ ಬಳಸಿ. ಮನಸ್ಸಿನಲ್ಲಿ ಚೆಲ್ಲಾಪಿಲ್ಲಿಯಾಗಿರುವುದನ್ನು ಬರೆದು, ‘ಇದನ್ನು ವೈದ್ಯರಿಗೆ ಹೇಳಲು ಹತ್ತು ಸಾಲುಗಳಲ್ಲಿ ಜೋಡಿಸಿಕೊಡು’ ಎಂದು ಕೇಳಬಹುದು. ವೈದ್ಯರ ಚೀಟಿಯಲ್ಲಿರುವ ಒಂದು ಪದದ ಅರ್ಥ ಕೇಳಬಹುದು. ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವುದು, ಇಳಿಸುವುದು, ನಿಲ್ಲಿಸುವುದು, ಇವುಗಳ ಬಗ್ಗೆ ಅದರ ಮಾತನ್ನು ಕೇಳಿ ನಡೆಯಬಾರದು. ಇನ್ನೊಂದು ಅಪಾಯ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಈ ಯಂತ್ರಗಳು ಬಳಸುವವರ ಮಾತಿಗೆ ತಲೆದೂಗುವ ಕಡೆಗೆ ವಾಲುತ್ತವೆ. ನುರಿತ ಚಿಕಿತ್ಸಕರು ಮೃದುವಾಗಿ ತಡೆದು ಪ್ರಶ್ನಿಸುವ ಕಡೆ ಯಂತ್ರ ಹೌದೆನ್ನಬಹುದು. ಉನ್ಮಾದದಲ್ಲಿರುವವರ ದೊಡ್ಡ ಯೋಜನೆಗಳಿಗೆ, ನೆರೆಯವರು ಸಂಚು ಮಾಡುತ್ತಿದ್ದಾರೆಂಬ ಭ್ರಮೆಗೆ, ತಾನು ಯಾರಿಗೂ ಬೇಡವೆಂಬ ಯೋಚನೆಗೆ ಹೀಗೆ ಒತ್ತಾಸೆ ದೊರೆತರೆ ಕಾಯಿಲೆ ಬೆಳೆಯುತ್ತದೆ. 2023ರಲ್ಲಿ ಅಮೆರಿಕದಲ್ಲಿ, ಆಹಾರ ಸೇವನೆಯ ವಿಕಾರಗಳಿರುವವರಿಗಾಗಿ ಇಟ್ಟಿದ್ದ ಒಂದು ಚಾಟ್‌ಬಾಟ್ ಅವರಿಗೇ ತೂಕ ಇಳಿಸುವ ಸಲಹೆ ಕೊಟ್ಟದ್ದರಿಂದ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಉನ್ಮಾದ ಅಥವಾ ಭ್ರಮೆಗಳ ಇತಿಹಾಸವಿರುವವರು, ತಾವು ಯಂತ್ರದೊಂದಿಗೆ ಎಷ್ಟು ಹೊತ್ತು, ಯಾವ ವಿಷಯ ಮಾತನಾಡುತ್ತೇವೆ ಎಂಬುದನ್ನು ವೈದ್ಯರಿಗೆ ನಾಚಿಕೆಯಿಲ್ಲದೆ ಹೇಳಬೇಕು. ವೈದ್ಯರೂ ನಿದ್ರೆಯನ್ನು ಕೇಳುವಂತೆಯೇ ಇದನ್ನೂ ಕೇಳುವ ರೂಢಿ ಮಾಡಿಕೊಳ್ಳಬೇಕು.

ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ತಿದ್ದಿಕೊಳ್ಳುವ ‘ಅರಿವಿನ ವರ್ತನಾ ಚಿಕಿತ್ಸೆ’ಯನ್ನು ಪಾಠಗಳ ರೂಪದಲ್ಲಿ ಕಲಿಸುವ ಆಪ್‌ಗಳ ಮಾತು ಬೇರೆ. ಸೌಮ್ಯ ಮತ್ತು ಮಧ್ಯಮ ಮಟ್ಟದ ಖಿನ್ನತೆ, ಆತಂಕಗಳಲ್ಲಿ ಅಂಥ ಕ್ರಮಗಳಿಂದ ಉಪಯೋಗವಾಗುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಒಂಟಿಯಾಗಿ ಆರಂಭಿಸಿದವರಲ್ಲಿ ಬಹಳ ಮಂದಿ ಅರ್ಧಕ್ಕೆ ಬಿಡುತ್ತಾರೆ. ವಾರಕ್ಕೊಮ್ಮೆ ಯಾರಾದರೂ ವಿಚಾರಿಸುತ್ತಿದ್ದರೆ ಮುಗಿಸುವವರು ಹೆಚ್ಚು. ಆದ್ದರಿಂದ ಆಪ್ ಆರಿಸುವಾಗಲೇ ಯಾರು ವಿಚಾರಿಸುತ್ತಾರೆಂಬುದನ್ನೂ ಗೊತ್ತುಮಾಡಿಕೊಳ್ಳಿ. ಆಪ್ತಸಮಾಲೋಚಕರಾಗಲಿ, ಸ್ನೇಹಿತರಾಗಲಿ, ಇಂತಿಷ್ಟನೆಯ ಪಾಠ ಎಲ್ಲಿಗೆ ಬಂತೆಂದು ಕೇಳುವವರು ಒಬ್ಬರಿದ್ದರೆ ಸಾಕು.

ಗುಟ್ಟನ್ನು ಕಾಪಾಡಿಕೊಳ್ಳುವುದು

ಫಿನ್‌ಲ್ಯಾಂಡಿನಲ್ಲಿ ವಸ್ತಾಮೊ ಎಂಬ ಮನೋಚಿಕಿತ್ಸಾ ಕೇಂದ್ರಗಳ ಜಾಲವೊಂದಿತ್ತು. ಅದರ ದಾಖಲೆಗಳನ್ನು ಕದ್ದವನು 2020ರ ಅಕ್ಟೋಬರ್‌ನಲ್ಲಿ ರೋಗಿಗಳಿಗೇ ನೇರವಾಗಿ ಇಮೇಲ್ ಬರೆದು, ಹಣ ಕೊಡದಿದ್ದರೆ ಅವರು ಚಿಕಿತ್ಸಕರಿಗೆ ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುವುದಾಗಿ ಬೆದರಿಸಿದ. ಸುಮಾರು 33,000 ಮಂದಿಯ ವಿವರಗಳು ಅದರಲ್ಲಿದ್ದವು. ಇದನ್ನು ಹೇಳುತ್ತಿರುವುದು ಹೆದರಿಸುವುದಕ್ಕಲ್ಲ. ಪಾಸ್‌ವರ್ಡ್ ಬದಲಾಯಿಸಿಕೊಳ್ಳಬಹುದು, ಬ್ಯಾಂಕ್ ಖಾತೆ ಬದಲಾಯಿಸಿಕೊಳ್ಳಬಹುದು. ಒಮ್ಮೆ ಹೊರಬಿದ್ದ ಮನಸ್ಸಿನ ಮಾತನ್ನು ಹಿಂದಕ್ಕೆ ಪಡೆಯಲಾಗದು. 2023ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಆರೋಗ್ಯದ ವಿವರಗಳನ್ನು ಜಾಹೀರಾತಿಗಾಗಿ ಹಂಚಿಕೊಂಡ ಆರೋಪದ ಮೇಲೆ ಆನ್‌ಲೈನ್ ಸಮಾಲೋಚನೆಯ ಒಂದು ಕಂಪನಿಯಿಂದ 78 ಲಕ್ಷ ಡಾಲರ್ ವಸೂಲಿಗೆ ಕ್ರಮ ಕೈಗೊಂಡಿತು. ಅಲ್ಲಿ ಕಳ್ಳರು ಯಾರೂ ಒಳಗೆ ನುಗ್ಗಿರಲಿಲ್ಲ.

ಮಾಡಬೇಕಾದ ಕೆಲಸಗಳು ಚಿಕ್ಕವು. ಈ ಆಪ್‌ಗಳಿಗಾಗಿ ಬೇರೆಯೇ ಒಂದು ಇಮೇಲ್ ವಿಳಾಸ ಮಾಡಿಕೊಳ್ಳಿ. ಫೋನಿನ ಪರದೆಗೆ ಬೀಗವಿದ್ದಾಗಲೂ ಸಂದೇಶದ ಸಾಲುಗಳು ಮೇಲೆ ತೋರದಂತೆ ಮಾಡಿ. ಕಚೇರಿಯ ಮೇಜಿನ ಮೇಲೆ ‘ನಿಮ್ಮ ಆತಂಕದ ಪಾಠ ಬಾಕಿಯಿದೆ’ ಎಂದು ಫೋನ್ ಬೆಳಗುವುದು ಯಾರಿಗೂ ಬೇಡ. ಸಂಪರ್ಕಗಳ ಪಟ್ಟಿ, ಸ್ಥಳ, ಮೈಕ್ ಇವುಗಳಿಗೆ ಆಪ್ ಅನುಮತಿ ಕೇಳಿದರೆ, ಯಾವ ಕೆಲಸಕ್ಕೆ ಬೇಕೆಂದು ಸ್ಪಷ್ಟವಾಗದ ಹೊರತು ಕೊಡಬೇಡಿ. ಖಾತೆಯನ್ನೂ ದಾಖಲೆಗಳನ್ನೂ ಪೂರ್ತಿ ಅಳಿಸುವ ದಾರಿ ಇದೆಯೇ ಎಂದು ಸೇರುವ ಮೊದಲೇ ಹುಡುಕಿ ನೋಡಿ. ಕಚೇರಿಯಿಂದ ಕೊಟ್ಟ ಫೋನ್, ಕಂಪ್ಯೂಟರ್‌ಗಳಲ್ಲಿ ಇವು ಯಾವುವೂ ಬೇಡ.

ಮನೆಯವರು ಗಮನಿಸಬೇಕಾದದ್ದು

ಪ್ರೀತಿಯಿಂದಲೇ ಆದರೂ, ಹೇಳದೆ ಕೇಳದೆ ರೋಗಿಯ ಫೋನಿನಲ್ಲಿ ಸ್ಥಳ ತೋರಿಸುವ ವ್ಯವಸ್ಥೆಯನ್ನು ಹಾಕುವುದು, ಸಂದೇಶಗಳನ್ನು ಓದುವುದು ಬೇಡವೆಂದು ನಾನು ಬಲವಾಗಿ ಹೇಳುತ್ತೇನೆ. ಅದು ಬಯಲಾದ ದಿನ, ಸಂಶಯವೇ ರೋಗವಾಗಿರುವವರಿಗೆ ಸಂಶಯಕ್ಕೆ ನಿಜವಾದ ಆಧಾರವೊಂದು ಸಿಕ್ಕಿಬಿಡುತ್ತದೆ, ಮುಂದೆ ಮಾತ್ರೆ ಕೊಡುವ ಕೈಯನ್ನೂ ಅವರು ನಂಬುವುದಿಲ್ಲ. ಆರೋಗ್ಯ ಚೆನ್ನಾಗಿರುವಾಗ ಇಬ್ಬರೂ ಕುಳಿತು, ಯಾವ ಸ್ಥಿತಿಯಲ್ಲಿ ಏನನ್ನು ನೋಡಬಹುದು, ಎಷ್ಟು ದಿನ ನೋಡಬಹುದು ಎಂದು ಬರೆದು ಸಹಿ ಮಾಡಿಕೊಳ್ಳುವುದು ಸರಿಯಾದ ಕ್ರಮ.

ಉನ್ಮಾದದಲ್ಲಿ ಹಣ ನೀರಾಗುವುದನ್ನು ಕಂಡ ಕುಟುಂಬಗಳು ಆ ಒಪ್ಪಂದದಲ್ಲಿ ಹಣದ ವಿಷಯವನ್ನೂ ಸೇರಿಸಲಿ. ಆನ್‌ಲೈನ್ ವಹಿವಾಟಿನ ದಿನದ ಮಿತಿಯನ್ನು ತಗ್ಗಿಸುವುದು, ಕೊಳ್ಳುವ ಆಪ್‌ಗಳಲ್ಲಿ ಉಳಿಸಿಟ್ಟ ಕಾರ್ಡುಗಳನ್ನು ತೆಗೆದುಹಾಕುವುದು, ದಿಢೀರ್ ಸಾಲ ಕೊಡುವ ಆಪ್‌ಗಳನ್ನು ಅಳಿಸುವುದು, ಇವನ್ನೆಲ್ಲ ರೋಗಿಯೇ ತಮ್ಮ ಕೈಯಾರೆ, ಮನಸ್ಸು ಸಮತೋಲದಲ್ಲಿರುವಾಗ ಮಾಡಿದರೆ ಅವಮಾನವೆನಿಸುವುದಿಲ್ಲ. ಉನ್ಮಾದದ ದಿನಗಳಲ್ಲಿ ಸಾಮಾಜಿಕ ಜಾಲತಾಣಗಳಿಗೆ ಬರೆದದ್ದು ಆಮೇಲೆ ತುಂಬ ನೋಯಿಸುತ್ತದೆ. ಅಂಥ ಸಮಯದಲ್ಲಿ ಖಾತೆಯನ್ನು ತಾತ್ಕಾಲಿಕವಾಗಿ ಮುಚ್ಚಲು ಯಾರಿಗೆ ಅಧಿಕಾರವಿದೆ ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಬಹುದು.

ಕೊನೆಯದಾಗಿ, ಆಪತ್ಕಾಲದ ಯೋಜನೆಯನ್ನು ಫೋನಿನೊಳಗೆ ಮಾತ್ರ ಇಡಬೇಡಿ. ಚಾರ್ಜ್ ಮುಗಿದಿರಬಹುದು, ಬೀಗ ತೆಗೆಯುವ ಗುರುತು ಸಂಖ್ಯೆ ಬೇರೆಯವರಿಗೆ ಗೊತ್ತಿಲ್ಲದಿರಬಹುದು, ಫೋನೇ ಒಡೆದಿರಬಹುದು. ವೈದ್ಯರ, ಹತ್ತಿರದ ಆಸ್ಪತ್ರೆಯ, ಸಹಾಯವಾಣಿಯ ಮತ್ತು ಯಾವ ಹೊತ್ತಿನಲ್ಲೂ ಬರಬಲ್ಲ ಇಬ್ಬರ ಸಂಖ್ಯೆಗಳು, ಈಗಿನ ಔಷಧಿಗಳ ಹೆಸರು ಮತ್ತು ಪ್ರಮಾಣ, ಒಗ್ಗದ ಔಷಧಿಗಳು, ಇಷ್ಟನ್ನು ದಪ್ಪ ಅಕ್ಷರಗಳಲ್ಲಿ ಒಂದು ಹಾಳೆಯ ಮೇಲೆ ಬರೆದು, ಮನೆಯಲ್ಲಿ ಎಲ್ಲರಿಗೂ ತಿಳಿದಿರುವ ಜಾಗದಲ್ಲಿ ಇಡಿ. ಔಷಧಿ ಬದಲಾದಾಗಲೆಲ್ಲ ಹಳೆಯ ಹಾಳೆಯನ್ನು ಹರಿದು ಹೊಸದನ್ನು ಬರೆಯಿರಿ. ಅದೇ ದಿನ ಫೋನನ್ನೂ ತೆರೆದು, ಕಳೆದ ಮೂರು ತಿಂಗಳಲ್ಲಿ ನೀವಾಗಲಿ ವೈದ್ಯರಾಗಲಿ ಒಮ್ಮೆಯೂ ನೋಡದ ಆಪ್‌ಗಳ ಖಾತೆಗಳನ್ನು ಅಳಿಸಿಹಾಕಿ.